ಹಳೆ ಫೋರ್ ಬೈ ಫೋರ್ ಕೊಳ್ಳುವ ಮುನ್ನ: ಡಿಫ್ ಲಾಕ್ ಇದೆಯೋ ಇಲ್ಲವೋ, ಹೊಲಕ್ಕೆ ಇಳಿಸಿಯೇ ನೋಡಿ

ಸಿರುಗುಪ್ಪ ಕಡೆ ನಮ್ಮ ಭಾವನ ಹೊಲ ಎಲ್ಲಾ ಎರೆ, ಅಂದರೆ ಕಪ್ಪು ಮಣ್ಣು. ಬೇಸಿಗೆಯಲ್ಲಿ ಕಾಲು ತೂರುವಷ್ಟು ಬಿರುಕು. ಮಳೆ ಬಿದ್ದರೆ ಚಪ್ಪಲಿ ಕೈಯಲ್ಲಿ ಹಿಡಿದು ನಡೆಯಬೇಕು. ಅಂಥ ಹೊಲಕ್ಕೆ ಓಡಾಡಲು ಅವರು 2016ರ ಮಹೀಂದ್ರ ಥಾರ್ ಜೀಪ್ ಒಂದನ್ನು ಸೆಕೆಂಡ್ ಹ್ಯಾಂಡ್ ತಗೊಂಡರು. "ಲಾಕ್ ಐತ್ರೀ ಇದಕ್ಕ, ಎಂಥ ರಾಡ್ಯಾಗ ಹಾಕಿದ್ರೂ ಕಿತ್ಕೊಂಡ್ ಬರತೈತಿ" ಅಂತ ಮಾರಿದವರು ಹೇಳಿದ್ದರು. ಲಾಕ್ ಅಂದರೆ ಡಿಫರೆನ್ಷಿಯಲ್ ಲಾಕ್ (ಡಿಫ್ ಲಾಕ್), ಒಂದು ಗಾಲಿ ಜಾರಿದರೂ ಎರಡೂ ಗಾಲಿ ಒಟ್ಟಿಗೆ ತಿರುಗುವ ಹಾಗೆ ಮಾಡುವ ಭಾಗ. ಆ ಮಾತನ್ನು ನಂಬಿ ಭಾವ ಜಾಸ್ತಿ ದುಡ್ಡು ಕೊಟ್ಟರು.

ಮೊದಲ ಮಳೆಗೇ ಹೊಲದ ದಾರಿಯಲ್ಲಿ ಗಾಡಿ ಹುಗಿಯಿತು. ಹಿಂದಿನ ಎಡಗಡೆ ಗಾಲಿ ಗರಗರ ತಿರುಗುತ್ತಿತ್ತು. ಬಲಗಡೆಯದು ಅಲ್ಲಾಡಲೂ ಇಲ್ಲ. ಪಕ್ಕದ ಹೊಲದ ಟ್ರ್ಯಾಕ್ಟರ್ ಬಂದು ಎಳೆಯಿತು. ಆಮೇಲೆ ಹಿಂದಿನ ಆಕ್ಸಲ್‌ನ ಹೌಸಿಂಗ್ (ಡಿಫರೆನ್ಷಿಯಲ್ ಕೂರುವ ಕಬ್ಬಿಣದ ಗೂಡು) ಬಿಚ್ಚಿಸಿದರೆ ಒಳಗೆ ಲಾಕೇ ಇಲ್ಲ. ಹಿಂದೆ ಯಾವಾಗಲೋ ಮುರಿದಿದೆ, ಯಾರೋ ಸಾದಾ ಡಿಫರೆನ್ಷಿಯಲ್ ಕೂರಿಸಿ ಕೈತೊಳೆದುಕೊಂಡಿದ್ದಾರೆ. ಭಾವ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಅವತ್ತಿನಿಂದ ಬಳ್ಳಾರಿ, ಸಿಂಧನೂರು, ಗಂಗಾವತಿ ಕಡೆ ಯಾರ ಜೊತೆ ಹಳೆ ಫೋರ್ ಬೈ ಫೋರ್ (ನಾಲ್ಕೂ ಗಾಲಿಗೆ ಬಲ ಹೋಗುವ ಗಾಡಿ) ನೋಡಲು ಹೋದರೂ ನಾನು ಒಂದು ಕ್ರಮ ಇಟ್ಟುಕೊಂಡಿದ್ದೇನೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಒಂದು ದಿನದ ಕೆಲಸ. ಲಾಕ್ ಇದೆ ಅನ್ನುವ ಮಾತಿಗೆ ದುಡ್ಡು ಕೊಡಬೇಡಿ. ಅದು ಕೆಲಸ ಮಾಡಿದ್ದನ್ನು ಕಣ್ಣಾರೆ ನೋಡಿ ಕೊಡಿ.

ಟ್ರ್ಯಾಕ್ಟರ್ ಹೊಡೆದವರಿಗೆ ಇದು ಹೊಸದಲ್ಲ

ಗದ್ದೆಯಲ್ಲಿ ರೊಳ್ಳೆ ಹೊಡೆಯುವಾಗ ಒಂದು ಗಾಲಿ ಜಾರಿ ಸುಮ್ನೆ ತಿರುಗತೊಡಗಿದರೆ ಏನು ಮಾಡುತ್ತೀರಿ? ಹಿಮ್ಮಡಿಯಿಂದ ಡಿಫರೆನ್ಷಿಯಲ್ ಲಾಕ್ ಪೆಡಲ್ ತುಳಿಯುತ್ತೀರಿ. ಎರಡೂ ಗಾಲಿ ಒಂದಾಗಿ ತಿರುಗುತ್ತವೆ, ಟ್ರ್ಯಾಕ್ಟರ್ ಎದ್ದು ಬರುತ್ತದೆ. ತಿರುವಿನಲ್ಲಿ ಆ ಪೆಡಲ್ ತುಳಿಯಬಾರದು ಅಂತಲೂ ನಿಮಗೆ ಗೊತ್ತು. ಜೀಪಿನ ಲಾಕ್ ಕೂಡ ಇದೇ ಕೆಲಸ ಮಾಡುತ್ತದೆ.

ತಿರುವಿನಲ್ಲಿ ಹೊರಗಿನ ಗಾಲಿ ಜಾಸ್ತಿ ದೂರ ಹೋಗಬೇಕು, ಒಳಗಿನದು ಕಡಿಮೆ. ಅದಕ್ಕೆ ಅವಕಾಶ ಕೊಡುವುದೇ ಡಿಫರೆನ್ಷಿಯಲ್. ಆದರೆ ಒಂದು ಗಾಲಿಗೆ ಹಿಡಿತ ತಪ್ಪಿದರೆ ಅದೇ ತೊಂದರೆ. ಜಾರುವ ಗಾಲಿಯನ್ನು ತಿರುಗಿಸಲು ಎಷ್ಟು ಬಲ ಸಾಕೋ, ಗಟ್ಟಿ ನೆಲದ ಮೇಲಿರುವ ಗಾಲಿಗೂ ಅಷ್ಟೇ ಬಲ ಸಿಗುತ್ತದೆ. ಅಷ್ಟರಿಂದ ಗಾಡಿ ಏಳುವುದಿಲ್ಲ. ಫೋರ್ ಬೈ ಫೋರ್ ಹಾಕಿದ್ದರೂ ಮುಂದೆ ಒಂದು, ಹಿಂದೆ ಒಂದು ಗಾಲಿ ಗಾಳಿಯಲ್ಲಿದ್ದರೆ ಮಿಕ್ಕೆರಡು ಸುಮ್ನೆ ನಿಂತಿರುತ್ತವೆ. ಲಾಕ್ ಬೇಕಾಗುವುದು ಅಲ್ಲಿ.

ಕಂಪನಿಯಿಂದಲೇ ಬರುವ ಲಾಕ್‌ಗಳು ಒಂದೇ ಥರ ಇಲ್ಲ. ಇದು ಗೊತ್ತಿಲ್ಲದೆ ಪರೀಕ್ಷೆ ಮಾಡಿದರೆ ಮೋಸ ಹೋಗುತ್ತೇವೆ.

ಒಂದು, ಚಾಲಕನೇ ಹಾಕಿ ತೆಗೆಯುವ ಲಾಕ್. ಫೋರ್ಸ್ ಗೂರ್ಖಾದಲ್ಲಿ ಮುಂದೆ ಹಿಂದೆ ಎರಡಕ್ಕೂ ಬೇರೆ ಬೇರೆ ಲಾಕ್ ಸಿಗುತ್ತದೆ. ನಮ್ಮ ದೇಶದಲ್ಲಿ ಈ ಬೆಲೆಯ ಗಾಡಿಗಳಲ್ಲಿ ಇದು ದೊಡ್ಡ ಮಾತು. ಟೊಯೊಟಾ ಹೈಲಕ್ಸ್‌ನಲ್ಲಿ ಹಿಂದಿನ ಆಕ್ಸಲ್‌ಗೆ ಸ್ವಿಚ್ ಒತ್ತಿ ಹಾಕುವ ಲಾಕ್ ಇದೆ. ಥಾರ್ ರಾಕ್ಸ್‌ನ ಫೋರ್ ಬೈ ಫೋರ್‌ನಲ್ಲೂ ಹಿಂದೆ ಎಲೆಕ್ಟ್ರಾನಿಕ್ ಲಾಕ್ ಬರುತ್ತದೆ.

ಎರಡು, ತಾನಾಗಿಯೇ ಬೀಳುವ ಮೆಕ್ಯಾನಿಕಲ್ ಲಾಕ್. ಹಳೆ ಥಾರ್‌ನ ಸಿಆರ್‌ಡಿಇ ಅನ್ನುವ ಮಾದರಿಗೆ 2015ರಿಂದ ಹಿಂದಿನ ಆಕ್ಸಲ್‌ನಲ್ಲಿ ಬಂದಿದ್ದು ಇದೇ, ಈಟನ್ ಕಂಪನಿಯದು. ಇದಕ್ಕೆ ಬಟನ್ ಇಲ್ಲ, ಲಿವರ್ ಇಲ್ಲ. ಎಡ ಬಲ ಗಾಲಿಗಳ ವೇಗದಲ್ಲಿ ನಿಮಿಷಕ್ಕೆ ಸುಮಾರು 100 ಸುತ್ತಿನ ವ್ಯತ್ಯಾಸ ಬಂದರೆ ಒಳಗಿನ ಸಣ್ಣ ತೂಕಗಳು ಹೊರಗೆ ಚಿಮ್ಮಿ ಲಾಕ್ ಬೀಳುತ್ತದೆ. ಗಾಡಿ ಗಂಟೆಗೆ 30 ಕಿ.ಮೀ. ಮೇಲೆ ಓಡುತ್ತಿದ್ದರೆ ಬೀಳುವುದಿಲ್ಲ. ರಸ್ತೆಯ ಮೇಲೆ ಅಪಾಯ ಆಗಬಾರದು ಅಂತ ಹಾಗೆ ಮಾಡಿದ್ದಾರೆ. ಹೊರಗಿನಿಂದ ಏನೂ ಕಾಣಿಸದ ಕಾರಣ ಜಾಸ್ತಿ ಸುಳ್ಳು ಹೇಳುವುದು ಈ ಲಾಕ್ ಬಗ್ಗೆಯೇ.

ಮೂರು, ಬ್ರೇಕ್‌ನಿಂದ ಮಾಡುವ ಲಾಕ್. ಜಾರುತ್ತಿರುವ ಗಾಲಿಗೆ ಕಂಪ್ಯೂಟರ್ ಬ್ರೇಕ್ ಹಾಕುತ್ತದೆ. ಆಗ ಬಲ ಇನ್ನೊಂದು ಗಾಲಿಗೆ ಹೋಗುತ್ತದೆ. 2023ರಲ್ಲಿ ಬಂದ ಮಾರುತಿ ಜಿಮ್ನಿಯಲ್ಲಿರುವುದು ಇದು. 2020ರ ನಂತರದ ಹೊಸ ಥಾರ್‌ನಲ್ಲಿ ಕೆಲವಕ್ಕೆ ಮೆಕ್ಯಾನಿಕಲ್ ಲಾಕ್ ಇದೆ, ಕೆಲವಕ್ಕೆ ಬರೀ ಬ್ರೇಕ್ ಲಾಕ್ ಇದೆ. ಹೆಸರಿನಲ್ಲಿ ಎರಡೂ ಲಾಕೇ. ಹೊಲದಲ್ಲಿ ಎರಡೂ ಒಂದೇ ಅಲ್ಲ. ಬ್ರೇಕ್ ಲಾಕ್ ಸಣ್ಣ ಪುಟ್ಟ ಗುಂಡಿಗೆ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಹತ್ತು ನಿಮಿಷ ರಾಡಿಯಲ್ಲಿ ಒದ್ದಾಡಿದರೆ ಬ್ರೇಕ್ ಕಾದು ಬಿಸಿಯಾಗುತ್ತದೆ.

ಹಳೆ ಜಿಪ್ಸಿಗೆ ಕಂಪನಿ ಲಾಕ್ ಕೊಟ್ಟೇ ಇಲ್ಲ. ಮುಂದಿನ ಗಾಲಿಯ ಹಬ್ ಮೇಲೆ "ಲಾಕ್", "ಫ್ರೀ" ಅಂತ ತಿರುಗಿಸುವ ಗುಂಡಿ ಇರುತ್ತದೆ. ಅದನ್ನೇ ತೋರಿಸಿ "ಇದೇ ಡಿಫ್ ಲಾಕ್" ಅನ್ನುವವರನ್ನು ನಾನೇ ನೋಡಿದ್ದೇನೆ. ಅದು ಮುಂದಿನ ಗಾಲಿಯನ್ನು ಆಕ್ಸಲ್‌ಗೆ ಸೇರಿಸುವ ಹಬ್ ಲಾಕ್. ಡಿಫರೆನ್ಷಿಯಲ್‌ಗೂ ಅದಕ್ಕೂ ಸಂಬಂಧವಿಲ್ಲ.

ಮನೆಯಲ್ಲೇ ಕೂತು ಮಾಡುವ ಕೆಲಸ

ಮಾರುವವರಿಂದ ಆರ್‌ಸಿ ಫೋಟೋ ತರಿಸಿಕೊಳ್ಳಿ. ಲಾಕ್ ಇದೆಯಾ ಅಂತ ಆರ್‌ಸಿಯಲ್ಲಿ ಬರೆದಿರುವುದಿಲ್ಲ, ಆದರೂ ಸುಳಿವು ಇರುತ್ತದೆ. 2023ರ ಜನವರಿಯಲ್ಲಿ ಹಿಂದಿನ ಗಾಲಿಗೆ ಮಾತ್ರ ಬಲ ಹೋಗುವ ಥಾರ್ ಬಂತು. ನೋಡಲು ಅದೇ ಥಾರ್, ಆದರೆ ಫೋರ್ ಬೈ ಫೋರ್ ಅಲ್ಲ. ಆರ್‌ಸಿಯಲ್ಲಿ ಡೀಸೆಲ್ ಅಂತಿದ್ದು 1497 ಸಿಸಿ ಅಂತಿದ್ದರೆ ಅದು ಆ ಗಾಡಿ. ಪೆಟ್ರೋಲ್ ಆದರೆ ಸಿಸಿ ನೋಡಿ ಗೊತ್ತಾಗುವುದಿಲ್ಲ. ಗೇರ್ ಪಕ್ಕ ಇನ್ನೊಂದು ಸಣ್ಣ ಲಿವರ್ ಇದೆಯಾ ಅಂತ ಒಳಗಿನ ಫೋಟೋ ಕೇಳಿ. ಆಮೇಲೆ ಚಾಸಿ ನಂಬರ್ ತೆಗೆದುಕೊಂಡು ಆ ಕಂಪನಿಯ ಯಾವುದಾದರೂ ಸರ್ವಿಸ್ ಸೆಂಟರ್‌ಗೆ ಹೋಗಿ, ಗಾಡಿ ಹುಟ್ಟುವಾಗ ಯಾವ ಲಾಕ್ ಇತ್ತು ಅಂತ ಕೇಳಿ. ಹಳೆ ಸರ್ವಿಸ್ ಬಿಲ್‌ಗಳಲ್ಲಿ ಹಿಂದಿನ ಆಕ್ಸಲ್ ಬಿಚ್ಚಿದ್ದು ಬರೆದಿದ್ದರೆ ಏನು ಹಾಕಿದರು ಅಂತ ಬಿಡದೆ ವಿಚಾರಿಸಿ. ಭಾವನ ಗಾಡಿಯಲ್ಲಿ ನಾವು ಈ ಒಂದು ಕೆಲಸ ಮಾಡಿದ್ದರೆ ಸಾಕಿತ್ತು.

ನಮ್ಮ ಕಡೆ ಗಡಿ ಹತ್ತಿರ. ಬಳ್ಳಾರಿಗೆ ಆಂಧ್ರದಿಂದ, ರಾಯಚೂರಿಗೆ ತೆಲಂಗಾಣದಿಂದ ಗಾಡಿಗಳು ಬರುತ್ತವೆ. ಅಂಥ ಗಾಡಿಗೆ ಎನ್‌ಒಸಿ ಬೇಕು, ಇಲ್ಲಿ ಹೊಸ ನಂಬರ್ ಆಗಬೇಕು, ಕರ್ನಾಟಕದ ತೆರಿಗೆ ಕಟ್ಟಬೇಕು. ಆ ಖರ್ಚು ಸೇರಿಸಿದ ಮೇಲೆಯೇ ಅಗ್ಗವೋ ದುಬಾರಿಯೋ ಲೆಕ್ಕ ಹಾಕಿ. ಬ್ಯಾಂಕ್ ಸಾಲ ಇದ್ದರೆ ಅದು ತೀರಿದ ಫಾರಂ 35 ಕೈಗೆ ಬರದೆ ಪೂರ್ತಿ ಹಣ ಕೊಡಬೇಡಿ.

ಗಾಡಿ ಕೆಳಗೆ ಮಲಗಿ ನೋಡಿ

ಬೆಳಗಿನ ಹೊತ್ತು ಹೋಗಿ. ತೊಳೆದು ಇಡಬೇಡಿ ಅಂತ ಮೊದಲೇ ಹೇಳಿ. ಒಂದು ಹಳೆ ಗೋಣಿಚೀಲ, ಒಂದು ಟಾರ್ಚ್ ಇಟ್ಟುಕೊಳ್ಳಿ.

ಸಂಡೂರು, ತೋರಣಗಲ್ಲು ಕಡೆ ಮೈನ್ಸ್‌ನಲ್ಲಿ ದುಡಿದ ಗಾಡಿಯೋ ಅಂತ ಮೊದಲು ನೋಡಿ. ಅದಿರಿನ ಕೆಂಪು ದೂಳು ಚಾಸಿಯ ಸಂದುಗಳಲ್ಲಿ ಗಟ್ಟಿಯಾಗಿ ಕೂತಿರುತ್ತದೆ, ಎಷ್ಟು ತೊಳೆದರೂ ಪೂರ್ತಿ ಹೋಗುವುದಿಲ್ಲ. ಮೇಲೆ ಲೈಟ್ ಕೂರಿಸಿದ್ದ ತೂತು, ಬಂಪರ್ ಹತ್ತಿರ ಬಾವುಟದ ಕಂಬಿ ಕಟ್ಟಿದ್ದ ಗುರುತು ಸಿಕ್ಕರೆ ಅನುಮಾನ ಪಡಿ. ಮೈನ್ಸ್ ಗಾಡಿ ಅಂದ ಮಾತ್ರಕ್ಕೆ ಕೆಟ್ಟದ್ದು ಅಂತಲ್ಲ. ಆದರೆ ಅದಿರಿನ ದೂಳು ಉಪ್ಪುಕಾಗದದ ಹಾಗೆ. ಬ್ರೇಕ್ ಡ್ರಮ್, ಹಬ್ ಸೀಲ್, ಬೇರಿಂಗ್ ಎಲ್ಲ ಬೇಗ ತಿನ್ನುತ್ತದೆ. ಆ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ.

ಆಮೇಲೆ ಹೌಸಿಂಗ್. ಕೆಳಗಡೆ ಕಲ್ಲು ಬಡಿದ ಜಜ್ಜು ಇದೆಯಾ? ವೆಲ್ಡಿಂಗ್ ಮಾಡಿದ್ದಾರಾ? ಹಿಂದಿನ ಮುಚ್ಚಳದ ಸುತ್ತ ಹೊಸ ಸೀಲೆಂಟ್ ಕಾಣುತ್ತದಾ? ಹೊಸ ಸೀಲೆಂಟ್ ಇದ್ದರೆ ಯಾರೋ ಒಳಗೆ ಕೈ ಹಾಕಿದ್ದಾರೆ. ಆಕ್ಸಲ್‌ಗೆ ಬಲ ಒಯ್ಯುವ ಉದ್ದನೆಯ ಪ್ರೊಪೆಲ್ಲರ್ ಶಾಫ್ಟ್ ಹಿಡಿದು ಆ ಕಡೆ ಈ ಕಡೆ ತಿರುಗಿಸಿ. ಸ್ವಲ್ಪ ಆಟ ಸಹಜ. ಟಕ್ ಟಕ್ ಅಂತ ಜೋರಾಗಿ ಬಡಿದರೆ ಶಾಫ್ಟ್‌ನ ಕೀಲಾದ ಕ್ರಾಸ್ ಸವೆದಿರಬಹುದು, ಇಲ್ಲವೇ ಆಕ್ಸಲ್ ಒಳಗಿನ ಗೇರ್ ಜೋಡಿ, ಅಂದರೆ ಕ್ರೌನ್ ಪಿನಿಯನ್.

ಆಕ್ಸಲ್ ಮೇಲಿಂದ ಹೋಗುವ ಸಣ್ಣ ಬ್ರೀದರ್ ಪೈಪ್ ಹುಡುಕಿ. ಇದನ್ನು ಯಾರೂ ನೋಡುವುದಿಲ್ಲ, ನೀವು ನೋಡಲೇಬೇಕು. ಕಾದ ಆಕ್ಸಲ್ ಹಳ್ಳದ ನೀರಿಗೆ ಇಳಿದಾಗ ಒಳಗಿನ ಗಾಳಿ ತಣ್ಣಗಾಗಿ ಕುಗ್ಗುತ್ತದೆ, ಹೊರಗಿನಿಂದ ಗಾಳಿ ಎಳೆಯುತ್ತದೆ. ಪೈಪ್ ಮಣ್ಣು ಕಟ್ಟಿ ಮುಚ್ಚಿದ್ದರೆ ಗಾಳಿಯ ಬದಲು ಸೀಲ್ ಸಂದಿನಿಂದ ನೀರು ಒಳಗೆ ಹೋಗುತ್ತದೆ.

ಒಪ್ಪಿದರೆ ಗೇರ್ ಆಯಿಲ್ ಸ್ವಲ್ಪ ಇಳಿಸಿ ನೋಡಿ. ಒಪ್ಪಿಸಿ ಅಂತಲೇ ನಾನು ಹೇಳುತ್ತೇನೆ, ಹೊಸ ಆಯಿಲ್ ಖರ್ಚು ನೀವೇ ಕೊಡಿ. ಹಾಲು ಹಾಕಿದ ಚಹಾದ ಬಣ್ಣ ಬಂದಿದ್ದರೆ ನೀರು ಸೇರಿದೆ. ಡ್ರೇನ್ ಬೋಲ್ಟ್‌ನ ಅಯಸ್ಕಾಂತಕ್ಕೆ ಬೂದು ಬಣ್ಣದ ಪೇಸ್ಟ್ ಅಂಟಿದ್ದರೆ ಹೆದರಬೇಡಿ, ಅದು ಮಾಮೂಲಿ ಸವೆತ. ಬೆರಳಿಗೆ ಚುಚ್ಚುವ ಚೂರು ಸಿಕ್ಕರೆ ಅಲ್ಲಿಗೇ ಮಾತು ಮುಗಿಸಿ ಮನೆಗೆ ಬನ್ನಿ.

ಫೋರ್ ಬೈ ಫೋರ್ ಬೀಳುತ್ತದಾ?

ಟಾರ್ ರಸ್ತೆಯ ಮೇಲೆ ಇದನ್ನು ನೋಡಬೇಡಿ. ಟೂ ಹೈ ಅಂದರೆ ಹಿಂದಿನ ಗಾಲಿಗೆ ಮಾತ್ರ ಬಲ, ಫೋರ್ ಹೈ ಅಂದರೆ ನಾಲ್ಕಕ್ಕೂ, ಫೋರ್ ಲೋ ಅಂದರೆ ನಾಲ್ಕಕ್ಕೂ ನಿಧಾನ ವೇಗದಲ್ಲಿ ಜಾಸ್ತಿ ಬಲ. ಈ ಗಾಡಿಗಳಲ್ಲಿ ಫೋರ್ ಹೈ ಹಾಕಿದರೆ ಮುಂದಿನ, ಹಿಂದಿನ ಶಾಫ್ಟ್ ಒಂದೇ ವೇಗದಲ್ಲಿ ತಿರುಗುತ್ತವೆ. ಹಿಡಿತ ಜಾಸ್ತಿ ಇರುವ ರಸ್ತೆಯಲ್ಲಿ ತಿರುವು ಹಾಕಿದರೆ ಬಿಗಿದುಕೊಂಡು ಗೇರ್‌ಗಳು ಹಾಳಾಗುತ್ತವೆ. ಫಸಲು ಕಿತ್ತ ಹೊಲ ಸಾಕು, ಹೊಲದವರನ್ನು ಕೇಳಿ ಇಳಿಸಿ. ಕಾಡಿನ ದಾರಿ, ಮೈನ್ಸ್ ಲೀಸ್ ಜಾಗ ಬೇಡ. ದರೋಜಿ ಕಡೆ ಕರಡಿಧಾಮ ಇದೆ, ಆ ಸುತ್ತಮುತ್ತ ಪರೀಕ್ಷೆಗೆ ಹೋಗುವುದು ತಪ್ಪು.

ಸಡಿಲ ಮಣ್ಣಿನಲ್ಲಿ ಫೋರ್ ಹೈ ಹಾಕಿ, ಸ್ಟೀರಿಂಗ್ ಪೂರ್ತಿ ತಿರುಗಿಸಿ ನಿಧಾನ ಸುತ್ತು ಹಾಕಿ. ಗಾಡಿ ಬಿಗಿದ ಹಾಗೆ, ಯಾರೋ ಹಿಂದೆ ಎಳೆದ ಹಾಗೆ ಅನಿಸಬೇಕು. ಟೂ ಹೈನಷ್ಟೇ ಹಗುರವಾಗಿ ತಿರುಗಿದರೆ ಮುಂದಿನ ಗಾಲಿಗೆ ಬಲ ಹೋಗುತ್ತಿಲ್ಲ, ಡ್ಯಾಶ್‌ಬೋರ್ಡ್ ದೀಪ ಹತ್ತಿದ್ದರೂ ಸರಿ. ವ್ಯಾಕ್ಯೂಮ್ ಪೈಪ್‌ನಿಂದ ಹಬ್ ಲಾಕ್ ಆಗುವ ಗಾಡಿಗಳಲ್ಲಿ ಪೈಪ್ ಒಡೆದು ಹೀಗಾಗುವುದುಂಟು. ಫೋರ್ ಲೋ ಹಾಕುವಾಗ ಗಾಡಿ ಪೂರ್ತಿ ನಿಲ್ಲಿಸಿ, ಗೇರ್ ನ್ಯೂಟ್ರಲ್‌ಗೆ ತನ್ನಿ. ಏರಿನಲ್ಲಿ ಹತ್ತಿಸಿ, ಇಳಿಸಿ. ಮಧ್ಯದಲ್ಲಿ ಲಿವರ್ ತಾನೇ ಹಾರಿ ನ್ಯೂಟ್ರಲ್‌ಗೆ ಬಂದರೆ ಟ್ರಾನ್ಸ್‌ಫರ್ ಕೇಸ್ (ಮುಂದಿನ, ಹಿಂದಿನ ಆಕ್ಸಲ್‌ಗೆ ಬಲ ಹಂಚುವ ಪೆಟ್ಟಿಗೆ) ಒಳಗೆ ಸವೆದಿದೆ ಅಂತ ಅರ್ಥ.

ಇನ್ನು ಲಾಕ್ ಪರೀಕ್ಷೆ

ಚಾಲಕನೇ ಹಾಕುವ ಲಾಕ್ ಆದರೆ ಸುಲಭ. ಸಮತಟ್ಟಾದ ಕಾಂಕ್ರೀಟ್ ಮೇಲೆ ಮುಂದಿನ ಗಾಲಿಗಳಿಗೆ ಎರಡೂ ಕಡೆ ಕಲ್ಲು ಕೊಟ್ಟು, ಹಿಂದಿನ ಆಕ್ಸಲ್ ಎತ್ತಿ, ಸ್ಟ್ಯಾಂಡ್ ಮೇಲೆ ಕೂರಿಸಿ. ಬರೀ ಜಾಕ್ ನಂಬಬೇಡಿ. ಗಾಡಿ ಟೂ ಹೈನಲ್ಲಿ, ಗೇರ್ ನ್ಯೂಟ್ರಲ್‌ನಲ್ಲಿ ಇರಲಿ, ಹ್ಯಾಂಡ್‌ಬ್ರೇಕ್ ಬಿಟ್ಟಿರಲಿ. ಲಾಕ್ ಹಾಕಿ ಒಂದು ಗಾಲಿಯನ್ನು ಕೈಯಿಂದ ತಿರುಗಿಸಿ. ಇನ್ನೊಂದೂ ಅದೇ ದಿಕ್ಕಿಗೆ ಜೊತೆಯಲ್ಲೇ ತಿರುಗಬೇಕು. ಎಲೆಕ್ಟ್ರಾನಿಕ್ ಲಾಕ್ ಆದರೆ ಈ ಕೆಲಸ ಬೇಡ, ಹೊಲದಲ್ಲೇ ನೋಡಿ. ಆಮೇಲೆ ಸಡಿಲ ಮಣ್ಣಿನಲ್ಲಿ ಲಾಕ್ ಹಾಕಿ ತಿರುವು ಹಾಕಿದರೆ ಗಾಡಿ ನೇರಕ್ಕೇ ಹೋಗಲು ನೋಡಬೇಕು. ಗೂರ್ಖಾದ ಮುಂದಿನ ಲಾಕ್ ಹಾಕಿದಾಗ ಸ್ಟೀರಿಂಗ್ ಭಾರ ಆಗುತ್ತದೆ, ಅದು ಸರಿಯಾದ ಲಕ್ಷಣ. ತೆಗೆದ ಮೇಲೆ ಪೂರ್ತಿ ಬಿಡುತ್ತದಾ ಅಂತಲೂ ನೋಡಿ. ವರ್ಷಗಟ್ಟಲೆ ಬಳಸದೆ ಬಿಟ್ಟರೆ ಇವು ಜಾಮ್ ಆಗುತ್ತವೆ. ಗಾಲಿ ಜಾರಿ ತಿರುಗುತ್ತಿರುವಾಗ ಲಾಕ್ ಹಾಕಲೇಬಾರದು. ನಿಲ್ಲಿಸಿ, ಹಾಕಿ, ಆಮೇಲೆ ಹೊರಡಿ.

ಥಾರ್‌ನಂಥ ಮೆಕ್ಯಾನಿಕಲ್ ಲಾಕ್‌ಗೆ ಈ ಸ್ಟ್ಯಾಂಡ್ ಪರೀಕ್ಷೆ ಕೆಲಸಕ್ಕೆ ಬರುವುದಿಲ್ಲ. ಲಾಕ್ ಬೀಳದೆ ಇದ್ದಾಗ ಅದು ಸಾದಾ ಡಿಫರೆನ್ಷಿಯಲ್ ಹಾಗೇ ಇರುತ್ತದೆ. ಅದಕ್ಕೆ ಬದು ಬೇಕು. ಹೊಲದ ಬದುವಿಗೋ ಸಣ್ಣ ಕಾಲುವೆಗೋ ಗಾಡಿಯನ್ನು ಅಡ್ಡ ಓರೆಯಾಗಿ ಇಳಿಸಿ, ಹಿಂದಿನ ಒಂದು ಗಾಲಿ ಎತ್ತಿಕೊಂಡು ಹಗುರ ಆಗುವ ಹಾಗೆ ನಿಲ್ಲಿಸಿ. ಜನರನ್ನು ದೂರ ಕಳಿಸಿ, ಒಬ್ಬರು ಮಾತ್ರ ಪಕ್ಕದಿಂದ ಹತ್ತು ಹೆಜ್ಜೆ ಆಚೆ ನಿಂತು ಗಾಲಿ ನೋಡಲಿ. ಟ್ರ್ಯಾಕ್ಷನ್ ಕಂಟ್ರೋಲ್ ಸ್ವಿಚ್ ಇದ್ದರೆ ಆಫ್ ಮಾಡಿ. ಟೂ ಹೈ, ಮೊದಲ ಗೇರ್. ಆಕ್ಸಿಲರೇಟರ್ ಒಂದೇ ಸಮ, ಹಗುರವಾಗಿ ಒತ್ತಿ. ಎತ್ತಿದ ಗಾಲಿ ತಿರುಗುತ್ತದೆ, ಸ್ವಲ್ಪ ವೇಗ ಹಿಡಿಯುತ್ತದೆ, ಆಮೇಲೆ ಕೆಳಗಿನಿಂದ ಒಂದು "ಟಕ್" ಸದ್ದು. ಅಷ್ಟೇ, ನೆಲದ ಮೇಲಿನ ಗಾಲಿ ತಳ್ಳಿ ಗಾಡಿ ಬದು ದಾಟುತ್ತದೆ. ಆ ಸದ್ದು ಮೊದಲ ಸಲ ಕೇಳಿದವರು ಏನೋ ಮುರಿಯಿತು ಅಂತ ಗಾಬರಿಯಾಗುತ್ತಾರೆ. ಮುರಿದಿಲ್ಲ, ಅದೇ ಲಾಕ್.

ಗಾಲಿ ತಿರುಗುತ್ತಲೇ ಇದ್ದರೆ ಲಾಕ್ ಇಲ್ಲ, ಇಲ್ಲವೇ ಸತ್ತಿದೆ. ಜೋರಾಗಿ ಆಕ್ಸಿಲರೇಟರ್ ಒತ್ತಿ ಬೀಳಿಸಲು ಹೋಗಬೇಡಿ. ಆ ವೇಗದಲ್ಲಿ ಲಾಕ್ ಬಿದ್ದರೆ ಒಳಗಿನ ಹಲ್ಲೇ ಮುರಿಯುತ್ತದೆ. "ಟಕ್" ಬದಲು ಕರಕರ, ಕರಕರ ಅಂತ ಪಂಪಿನ ಸದ್ದು ಬಂದು ಗಾಡಿ ಕುಂಟುತ್ತಾ ಏರಿದರೆ ನೀವು ನೋಡುತ್ತಿರುವುದು ಬ್ರೇಕ್ ಲಾಕ್. ಇನ್ನೊಂದು ಕಡೆಯ ಗಾಲಿ ಎತ್ತಿಕೊಳ್ಳುವ ಹಾಗೆಯೂ ಒಮ್ಮೆ ಮಾಡಿ ನೋಡಿ.

ಕಂಪನಿ ಕೊಟ್ಟದ್ದು, ಆಮೇಲೆ ಕಟ್ಟಿದ್ದು

ಕೆಳಗೆ ಕಲ್ಲು ಬಡಿಯದ ಹಾಗೆ ಕಾಯುವ ಸ್ಕಿಡ್ ಪ್ಲೇಟ್, ಮುಂದೆ ಹಿಂದೆ ಎಳೆಯುವ ಕೊಕ್ಕೆ, ಗೂರ್ಖಾದ ಸ್ನಾರ್ಕೆಲ್ (ಎಂಜಿನ್‌ಗೆ ಮೇಲಿನಿಂದ ಗಾಳಿ ತರುವ ಕೊಳವೆ), ಇವು ಕಂಪನಿಯಿಂದ ಬಂದಿದ್ದರೆ ಹಾಗೇ ಇರಲಿ. ಆಮೇಲೆ ಕಟ್ಟಿಸಿದ ದೊಡ್ಡ ಕಬ್ಬಿಣದ ಬಂಪರ್, ಎತ್ತರಿಸಿದ ಸಸ್ಪೆನ್ಶನ್, ಭಾರೀ ಟೈರ್‌ಗೆ ಮರುಳಾಗಿ ದುಡ್ಡು ಜಾಸ್ತಿ ಕೊಡಬೇಡಿ. ಬಂಪರ್ ಮುಂದೆ ಕಟ್ಟಿಸುವ ಕಬ್ಬಿಣದ ಕ್ರ್ಯಾಶ್ ಗಾರ್ಡ್ ಹಾಕಬಾರದು ಅಂತ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲೇ ರಾಜ್ಯಗಳಿಗೆ ಹೇಳಿದೆ. ಕಂಪನಿಯ ಅಳತೆ ಮೀರಿ ಗಾಡಿ ಬದಲಾಯಿಸಿದರೆ ನೋಂದಣಿಗೆ ತೊಂದರೆ ಅಂತ 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿತು. ದೊಡ್ಡ ಟೈರ್ ಹಾಕಿದರೆ ಆಕ್ಸಲ್, ಲಾಕ್ ಎರಡರ ಮೇಲೂ ಹೊರೆ ಬೀಳುತ್ತದೆ. ಹಳೆ ಲಾಕ್‌ಗಳು ಮುರಿಯಲು ಅದೂ ಒಂದು ಕಾರಣ.

ನೀರಿನ ವಿಷಯ ಒಂದು ಮಾತು. 2020ರ ಥಾರ್‌ಗೆ 650 ಮಿ.ಮೀ., 2021ರ ಗೂರ್ಖಾಕ್ಕೆ 700 ಮಿ.ಮೀ. ನೀರು ದಾಟಬಹುದು ಅಂತ ಕಂಪನಿ ಹೇಳುತ್ತದೆ. ಅದು ನಿಂತ ನೀರಿನ ಲೆಕ್ಕ ಅಂತ ತಿಳಿಯಿರಿ. ಮಳೆಗಾಲದಲ್ಲಿ ನಮ್ಮ ಹಳ್ಳಗಳು ಒಂದು ತಾಸಿನಲ್ಲಿ ಏರಿ ಹರಿಯುತ್ತವೆ, ಕೆಳಗಿನ ರಸ್ತೆ ಕೊಚ್ಚಿ ಹೋಗಿದ್ದರೆ ಮೇಲಿನಿಂದ ಕಾಣುವುದಿಲ್ಲ. ಹರಿಯುವ ಹಳ್ಳಕ್ಕೆ ಯಾವ ಲಾಕೂ ಸ್ನಾರ್ಕೆಲ್ಲೂ ಆಗುವುದಿಲ್ಲ. ದಡದಲ್ಲೇ ಕಾಯಿರಿ.

ಎರೆ ಹೊಲದವರಿಗೆ, ಮಸಾರಿ ಹೊಲದವರಿಗೆ

ಆನೆಗೊಂದಿ ಕಡೆ ಬಂಡೆ, ಕೊಪ್ಪಳದ ಮಸಾರಿ (ಕೆಂಪು ಮಣ್ಣು), ತುಂಗಭದ್ರೆಯ ಮರಳು, ಸಂಡೂರಿನ ಏರು, ಇಲ್ಲೆಲ್ಲ ಲಾಕ್ ನಿಮ್ಮ ಕೈಹಿಡಿಯುತ್ತದೆ. ಒಂದು ಗಾಲಿ ಎತ್ತಿಕೊಂಡರೂ ಇನ್ನೊಂದಕ್ಕೆ ಗಟ್ಟಿ ನೆಲ ಇರುತ್ತದಲ್ವಾ. ಎರೆಯಲ್ಲಿ ಹಾಗಲ್ಲ. ನೀರು ಕುಡಿದ ಎರೆ ಉಬ್ಬಿ ಟೈರಿನ ಸಂದುಗಳಿಗೆ ಮೆತ್ತಿಕೊಳ್ಳುತ್ತದೆ. ನಾಲ್ಕೂ ಟೈರ್ ನುಣ್ಣಗೆ ಆಗುತ್ತವೆ. ಆಗ ನಾಲ್ಕೂ ಗಾಲಿ ಒಟ್ಟಿಗೆ ತಿರುಗಿದರೂ ನಾಲ್ಕೂ ಜಾರುತ್ತವೆ. ಲಾಕ್ ಇದ್ದವರು ಇನ್ನೂ ಹತ್ತು ಮಾರು ಮುಂದೆ ಹೋಗಿ ಹುಗಿಯುತ್ತಾರೆ, ಟ್ರ್ಯಾಕ್ಟರ್ ಅಷ್ಟು ಒಳಗೆ ಬರಬೇಕಾಗುತ್ತದೆ. ಮಾನ್ವಿ, ಸಿಂಧನೂರು, ಸಿರುಗುಪ್ಪದ ರೈತರಿಗೆ ನಾನು ಹೇಳುವುದು: ಲಾಕ್‌ಗೆ ಕೊಡುವ ಹಣದಲ್ಲಿ ಸ್ವಲ್ಪ ಉಳಿಸಿ ಒಳ್ಳೆ ಟೈರ್ ಹಾಕಿಸಿ. ಅಳತೆ ಕಂಪನಿಯದೇ ಇರಲಿ, ಸಂದು ಅಗಲ ಇರಲಿ. ಮಳೆ ನಿಂತು ಒಂದೆರಡು ದಿನ ಬಿಟ್ಟು ಹೊಲಕ್ಕೆ ಇಳಿಸಿ.

ಗಾಡಿ ಮನೆಗೆ ತಂದ ವಾರದಲ್ಲೇ ಎರಡೂ ಆಕ್ಸಲ್, ಗೇರ್ ಬಾಕ್ಸ್, ಟ್ರಾನ್ಸ್‌ಫರ್ ಕೇಸ್ ಆಯಿಲ್ ಬದಲಾಯಿಸಿ. ಗಾಡಿಯ ಪುಸ್ತಕದಲ್ಲಿ ಹೇಳಿದ ಆಯಿಲ್ಲೇ ಆಗಬೇಕು, ಲಾಕ್ ಇರುವ ಆಕ್ಸಲ್‌ಗೆ ಅಂಗಡಿಯವರು ಕೊಟ್ಟದ್ದು ಹಾಕಬೇಡಿ. ಬ್ರೀದರ್ ಪೈಪ್ ಸ್ವಚ್ಛ ಮಾಡಿಸಿ. ತಿಂಗಳಿಗೆ ಒಮ್ಮೆ ಮಣ್ಣಿನ ದಾರಿಯಲ್ಲಿ ಫೋರ್ ಬೈ ಫೋರ್ ಹಾಕಿ ಒಂದಿಷ್ಟು ದೂರ ಓಡಿಸಿ, ಹಾಕುವ ಲಾಕ್ ಇದ್ದರೆ ಅದನ್ನೂ ಹಾಕಿ ತೆಗೆಯಿರಿ. ಸೀಟಿನ ಹಿಂದೆ ಎಳೆಯಲು ದಪ್ಪ ಬೆಲ್ಟ್, ಒಂದು ಸನಿಕೆ, ಗಾಳಿ ತುಂಬುವ ಪಂಪ್ ಇರಲಿ. ಟ್ರ್ಯಾಕ್ಟರ್‌ನಿಂದ ಎಳೆಸುವಾಗ ಕಬ್ಬಿಣದ ಸರಪಳಿಯನ್ನು ಬಂಪರ್‌ಗೆ ಕಟ್ಟಬೇಡಿ. ತುಂಡಾದ ಸರಪಳಿ ಕಣ್ಣುಮುಚ್ಚಿ ತೆಗೆಯುವಷ್ಟರಲ್ಲಿ ಬಂದು ಬಡಿಯುತ್ತದೆ. ಬೆಲ್ಟನ್ನು ಕಂಪನಿ ಕೊಟ್ಟ ಕೊಕ್ಕೆಗೇ ಹಾಕಿ, ನೋಡಲು ಬಂದ ಹುಡುಗರನ್ನು ಬೆಲ್ಟಿನ ಎರಡು ಪಟ್ಟು ದೂರ ನಿಲ್ಲಿಸಿ, ಆಮೇಲೆ ಟ್ರ್ಯಾಕ್ಟರ್‌ನವರಿಗೆ ನಿಧಾನ ಎಳೆಯಲು ಕೈ ಮಾಡಿ.